ಮೂರು ಗಂಟೆಯ ಹಸಿವಿಗೆ ಬಿಸ್ಕತ್ತು ಉತ್ತರವಲ್ಲ



ಬೆಳಗಿನ ಐದಕ್ಕೆ ಎದ್ದು ಒಲೆ ಹಚ್ಚಿ, ಮಕ್ಕಳಿಗೆ ಬಡಿಸಿ, ಎಂಟಕ್ಕೆ ಹಾಜರಿ ಕೊಟ್ಟು ಸೊಪ್ಪು ಕೀಳಲು ನಿಂತ ಹೆಂಗಸಿಗೆ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಏನಾಗುತ್ತದೆಂದು ಈ ಪತ್ರಿಕೆಯ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಕಣ್ಣು ಮಂಜಾಗುತ್ತದೆ. ಮಂಡಿ ನಡುಗುತ್ತದೆ. ಬೆಳಗ್ಗೆ ಹಗುರವಾಗಿದ್ದ ಕತ್ತರಿ ಆಗ ಕಬ್ಬಿಣದ ಸಲಾಕೆಯಾಗುತ್ತದೆ. ಸಂಜೆಯ ತೂಕಕ್ಕೆ ಇನ್ನೂ ಒಂದೂವರೆ ಗಂಟೆ ಇದೆ, ಬೆನ್ನ ಮೇಲಿನ ಹೊರೆ ಏರುತ್ತಲೇ ಇದೆ. ಆಗ ಆಕೆ ಏನು ಮಾಡುತ್ತಾಳೆ? ಒಂದು ಲೋಟ ಸಿಹಿ ಟೀ ಕುಡಿಯುತ್ತಾಳೆ. ಸಂಚಿಯಿಂದ ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ತೆಗೆಯುತ್ತಾಳೆ. ಅದೂ ಇಲ್ಲದಿದ್ದರೆ ಎಲೆಯಡಿಕೆಯ ಜೊತೆ ಒಂದು ಚೂರು ಹೊಗೆಸೊಪ್ಪನ್ನು ದವಡೆಗೆ ಒತ್ತಿಕೊಂಡು ಹಸಿವಿನ ಬಾಯಿ ಮುಚ್ಚಿಸುತ್ತಾಳೆ.

ಈ ಹಸಿವಿನ ಬಗ್ಗೆ ಮೂವರು ಮೂರು ಮಾತು ಹೇಳುವುದನ್ನು ಕೇಳಿದ್ದೇವೆ. ಮೂರೂ ತಪ್ಪು ಎಂಬುದು ನಮ್ಮ ವಾದ.

ಮೊದಲನೆಯದು ಮೇಲ್ವಿಚಾರಕರ ಮಾತು: "ಈ ಹೆಂಗಸರಿಗೆ ಕೆಲಸ ಕಳ್ಳತನ, ಮೂರು ಗಂಟೆಯಾದರೆ ಟೀ ನೆಪ." ಇದಕ್ಕೆ ಉತ್ತರ ಕೊಡುವುದೇ ಅವಮಾನ, ಆದರೂ ಕೊಡೋಣ. ಹನ್ನೆರಡಕ್ಕೋ ಹನ್ನೆರಡೂವರೆಗೋ ಆಕೆ ಉಂಡದ್ದೇನು? ಬಿಳಿ ಅನ್ನ, ತೆಳ್ಳನೆಯ ಸಾರು. ಸಾರಿನಲ್ಲಿದ್ದ ಬೇಳೆ ಬೆಳಗ್ಗೆಯೇ ಗಂಡನ ಡಬ್ಬಿಗೂ ಮಕ್ಕಳ ಡಬ್ಬಿಗೂ ಹೋಗಿದೆ. ತಾಯಿಗೆ ಉಳಿದದ್ದು ತಿಳಿ. ಪಾಲಿಶ್ ಮಾಡಿದ ಅಕ್ಕಿಯ ಅನ್ನ ಬೇಗ ಅರಗುತ್ತದೆ. ಗುಡ್ಡ ಹತ್ತಿ ಇಳಿಯುವ ಮೈಗೆ ಅದು ಎರಡು ಎರಡೂವರೆ ಗಂಟೆಯ ಇಂಧನ. ಮೂರಕ್ಕೆ ಒಲೆ ಆರಿದರೆ ಅದು ಕಟ್ಟಿಗೆಯ ಲೆಕ್ಕವೇ ಹೊರತು ಕಳ್ಳತನವಲ್ಲ.

ಎರಡನೆಯದು ಓದಿದವರ ಮಾತು. ಒಂದು ಔಷಧಾಲಯದ ಗೋಡೆಯ ಮೇಲೆ ಬಣ್ಣಬಣ್ಣದ ಕಾಗದ ಅಂಟಿಸಿದ್ದರು. ಮಧ್ಯಾಹ್ನದ ಹಸಿವಿಗೆ ಬಾದಾಮಿ ತಿನ್ನಿರಿ, ಸೇಬು ತಿನ್ನಿರಿ, ಮೊಸರಿಗೆ ಹಣ್ಣು ಕಲಸಿ ತಿನ್ನಿರಿ ಎಂದು ಅದರಲ್ಲಿ ಬರೆದಿತ್ತು. ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಬರೆದದ್ದನ್ನು ನಮ್ಮ ಗೋಡೆಗೆ ಅಂಟಿಸಿದರೆ ಅದು ಉಪದೇಶವಾಗುವುದಿಲ್ಲ, ಅಣಕವಾಗುತ್ತದೆ. ಕೂನೂರಿನ ಲೈನ್ ಮನೆಯಲ್ಲಿ ಬಾದಾಮಿ ಯಾರ ಡಬ್ಬಿಯಲ್ಲಿದೆ? ಆ ಕಾಗದ ಅಂಟಿಸಿದವರು ಎದುರಿನ ಅಂಗಡಿಯಲ್ಲಿ ಕಡಲೆಕಾಯಿ ತೂಗುವುದನ್ನು ಒಮ್ಮೆ ತಿರುಗಿ ನೋಡಿದ್ದರೆ ಸಾಕಾಗಿತ್ತು.

ಮೂರನೆಯದು ನಮ್ಮವರದೇ ಮಾತು, ಆದ್ದರಿಂದ ಹೇಳಲು ಕಷ್ಟ. ಸಂಘದ ಕೆಲವು ಸಹೋದರರು, "ಕೂಲಿ ಏರಲಿ, ಮಿಕ್ಕದ್ದೆಲ್ಲ ತಾನಾಗಿ ಸರಿಹೋಗುತ್ತದೆ, ತಿಂಡಿಯ ಮಾತು ಹೆಂಗಸರ ಮಾತು" ಎಂದು ನಗುತ್ತಾರೆ. ಕೂಲಿ ಏರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿಂದೆ ಕೂಲಿ ಏರಿದಾಗ ನಮ್ಮ ಲೈನುಗಳಿಗೆ ಮೊದಲು ಬಂದದ್ದೇನು? ಬಾಗಿಲಿಗೇ ತೂಗುಹಾಕಿದ ಕುರುಕು ತಿಂಡಿಯ ಸರ, ಬಣ್ಣದ ಪಾನೀಯ, ಮೈದಾದ ಬನ್ನು. ಬಡತನದ ಹಸಿವು ಹೋಗಿ ಪೊಟ್ಟಣದ ಹಸಿವು ಬಂತು. ಯಜಮಾನನಿಂದ ಪಡೆದ ರೂಪಾಯಿಯನ್ನು ಬಿಸ್ಕತ್ತು ಕಂಪನಿಯ ಯಜಮಾನನಿಗೆ ಕೊಟ್ಟರೆ ಹೋರಾಟದಲ್ಲಿ ಗೆದ್ದವರು ಯಾರು, ಸಹೋದರರೇ?

ಆ ಪೊಟ್ಟಣವನ್ನೇ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿರಿ. ಮೈದಾ, ಸಕ್ಕರೆ, ತಾಳೆ ಎಣ್ಣೆ. ಗ್ಲೂಕೋಸ್ ಬಿಸ್ಕತ್ತಿನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು ಸಕ್ಕರೆ; 100 ಗ್ರಾಮಿನಲ್ಲಿ ಮೈಕಟ್ಟುವ ಪ್ರೋಟೀನು ಸುಮಾರು 7 ಗ್ರಾಂ ಮಾತ್ರ. ಅಷ್ಟೇ ತೂಕದ ಹುರುಳಿಯಲ್ಲಿ ಅದು ಸುಮಾರು 22 ಗ್ರಾಂ, ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ. ಮೈದಾ ಮತ್ತು ಸಕ್ಕರೆ ಕೂಡಲೇ ರಕ್ತಕ್ಕೆ ಏರುತ್ತವೆ, ಬೇಗನೆ ಇಳಿಯುತ್ತವೆ. ಒಣ ತರಗಿಗೆ ಬೆಂಕಿ ಇಟ್ಟ ಹಾಗೆ: ಒಮ್ಮೆ ಭಗ್ಗೆಂದು ಉರಿ, ಆಮೇಲೆ ಬೂದಿ. ಕಾಳು ಬೇರುಗಟ್ಟೆಯ ಹಾಗೆ ನಿಧಾನವಾಗಿ ಉರಿದು ಸಂಜೆಯ ತನಕ ನಿಲ್ಲುತ್ತದೆ. ಇನ್ನೊಂದು ಮೋಸವನ್ನು ನಮ್ಮ ಹೆಂಗಸರೇ ಕಂಡುಹಿಡಿದಿದ್ದಾರೆ: ಐದು ರೂಪಾಯಿಯ ಬೆಲೆ ವರ್ಷವರ್ಷಗಳಿಂದ ಐದೇ, ಆದರೆ ಪೊಟ್ಟಣ ಮಾತ್ರ ತೆಳ್ಳಗಾಗುತ್ತಾ ಬಂದಿದೆ.

ನಮ್ಮ ನೀಲಗಿರಿಯ ವರ್ಕಿಯನ್ನು ಬೈದರೆ ಕೆಲವರಿಗೆ ಕೋಪ ಬರಬಹುದು. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು, ಸಂತೋಷ. ಕ್ರಿಸ್ಮಸ್ಸಿಗೆ ತಿನ್ನೋಣ, ನೆಂಟರು ಬಂದಾಗ ತಿನ್ನೋಣ. ಆದರೆ ಮೈದಾ, ಸಕ್ಕರೆ, ಕೊಬ್ಬು ಕೂಡಿದ ಆ ಗರಿಗರಿಯನ್ನು ದಿನವೂ ಮೂರು ಗಂಟೆಗೆ ಊಟದ ಬದಲು ತಿನ್ನುವುದು ಬೇರೆ ಸಂಗತಿ.

ಟೀಯ ಮಾತು ಹೇಳದೆ ಬಿಡುವಂತಿಲ್ಲ. ಟೀ ಕೀಳುವವರಿಗೆ ಟೀ ಬಿಡಿರಿ ಎಂದರೆ ಯಾರು ಕೇಳುತ್ತಾರೆ, ನಾವೂ ಬಿಟ್ಟಿಲ್ಲ. ಆದರೆ ಟೀಯ ಕಹಿ ಅಂಶ ಊಟದಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಸೇರದಂತೆ ಮಾಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ತಮಿಳುನಾಡಿನಲ್ಲಿ 53, ಕೇರಳದಲ್ಲಿ 36. ಗುಡ್ಡ ಹತ್ತುವಾಗ ಏದುಸಿರು, ಅಂಗೈ ಬಿಳಿಚಿಕೊಳ್ಳುವುದು, ಎದ್ದರೆ ತಲೆಸುತ್ತು, ಇವುಗಳನ್ನು "ಚಳಿಗೆ ಹೀಗೆ" ಎಂದು ತಳ್ಳಿಹಾಕುವ ತಾಯಂದಿರು ನಮ್ಮಲ್ಲಿ ಬಹಳ. ಕಾಳು ತಿಂದು ಒಂದು ಗಂಟೆ ಬಿಟ್ಟು ಟೀ ಕುಡಿಯಿರಿ. ಕಾಳಿನ ಜೊತೆ ಒಂದು ಸೀಬೆಹಣ್ಣು, ಒಂದು ನೆಲ್ಲಿಕಾಯಿ, ಇಲ್ಲವೆ ನಾಲ್ಕು ಹನಿ ನಿಂಬೆರಸ ಸೇರಿದರೆ ಅದೇ ಕಬ್ಬಿಣ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಸೀಬೆ ನಮ್ಮ ಲೈನಿನ ಬೇಲಿಯಲ್ಲೇ ಇದೆ, ಹಕ್ಕಿಗಳು ತಿಂದು ಚೆನ್ನಾಗಿವೆ. ಹೊಗೆಸೊಪ್ಪಿನ ಬಗ್ಗೆ ಒಂದೇ ಮಾತು: ಅದು ಹಸಿವನ್ನು ತೀರಿಸುವುದಿಲ್ಲ, ಹಸಿವಿನ ಕೂಗನ್ನು ಅಡಗಿಸುತ್ತದೆ, ದವಡೆಯ ಹುಣ್ಣು ಆಮೇಲೆ ಬರುತ್ತದೆ, ಕ್ಯಾನ್ಸರ್ ಎಂಬ ಹೆಸರಿನಲ್ಲಿ.

ಹಾಗಾದರೆ ಸಂಚಿಯಲ್ಲಿ ಏನಿರಬೇಕು? ಬೋಧಕರು ಈ ಪ್ರಶ್ನೆಗೆ ಪಟ್ಟಿ ಕೊಡುತ್ತಾರೆ. ನಾವು ರೂತಳ ಕಥೆಯನ್ನು ನೆನಪಿಸುತ್ತೇವೆ. ಪರದೇಶದಿಂದ ಬಂದ ಆ ವಿಧವೆ ಬೋವಜನ ಹೊಲದಲ್ಲಿ ಕೊಯ್ಯುವವರ ಹಿಂದೆ ತೆನೆ ಆಯುತ್ತಿದ್ದಳು. ಊಟದ ಹೊತ್ತಿಗೆ ಹೊಲದ ಯಜಮಾನನೇ ಆಕೆಯನ್ನು ಕರೆದು ಕೊಯ್ಯುವವರ ಪಕ್ಕದಲ್ಲಿ ಕೂರಿಸಿದ. ರೊಟ್ಟಿ ಕೊಟ್ಟ, ಅದ್ದಿಕೊಳ್ಳಲು ಹುಳಿರಸ ಕೊಟ್ಟ, ಕೈಯಾರೆ ಹುರಿಗಾಳು ನೀಡಿದ. ಆಕೆ ಹೊಟ್ಟೆತುಂಬ ತಿಂದಳು, ಮಿಕ್ಕದ್ದನ್ನು ಅತ್ತೆಗೆ ಕಟ್ಟಿಕೊಂಡು ಹೋದಳು. ಎಷ್ಟು ಪ್ರಸಂಗಗಳಲ್ಲಿ ಈ ಕಥೆ ಕೇಳಿದ್ದೇವೆ! ಆಕೆಯ ಭಕ್ತಿ, ಆಕೆಯ ಮದುವೆ, ದಾವೀದನ ವಂಶ, ಎಲ್ಲವನ್ನೂ ಕೇಳಿದ್ದೇವೆ. ಆ ಹುರಿಗಾಳಿನ ಬಗ್ಗೆ ಒಂದು ಪ್ರಸಂಗವನ್ನೂ ಕೇಳಿಲ್ಲ. ಹೊಲದಲ್ಲಿ ದುಡಿಯುವವಳಿಗೆ ಹೊಲದಲ್ಲೇ, ಕುಳಿತು, ಹೊಟ್ಟೆ ತುಂಬುವಷ್ಟು, ಕಾಳು: ಸತ್ಯವೇದ ಇದನ್ನು ಇಷ್ಟು ವಿವರವಾಗಿ ಹೇಳಿರುವಾಗ ನಾವು ಅದನ್ನು ದಾಟಿ ಹೋಗುವುದೇಕೆ?

ಕೊಳ್ಳೇಗಾಲ, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯಿಂದ ಘಟ್ಟ ಹತ್ತಿ ಬಂದ ನಮ್ಮ ಹಿರಿಯರ ಗಂಟಿನಲ್ಲಿ ಇದ್ದದ್ದೂ ಅದೇ. ಹುರುಳಿ, ಅವರೆ, ರಾಗಿ. ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಉಪ್ಪು ಹಾಕಿ ಬೇಯಿಸಿ, ಒಗ್ಗರಣೆ ಇಟ್ಟರೆ ಗುಗ್ಗರಿ. ಮೊಳಕೆ ಬರಿಸಿದರೆ ಇನ್ನೂ ಒಳ್ಳೆಯದು. ನಮ್ಮ ಚಳಿಗೆ ಮೊಳಕೆ ಬೇಗ ಬಾರದು, ಬಟ್ಟೆಯಲ್ಲಿ ಕಟ್ಟಿ ಒಲೆಯ ಬದಿಗೆ ಇಡಿರಿ. ಬೇಯಿಸಲು ಹೊತ್ತಿಲ್ಲದ ದಿನ ಹುರಿಗಡಲೆಯೋ ಹುರಿದ ಕಡಲೆಕಾಯಿಯೋ ಒಂದು ಹಿಡಿ. ಮಳೆಗಾಲದ ಮಂಜಿನಲ್ಲಿ ಕಡಲೆಕಾಯಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದು, ಕಹಿಯಾದದ್ದು ವಿಷ, ಆಯ್ದು ಎಸೆಯಿರಿ. ರಾಗಿ ಹುರಿಹಿಟ್ಟು ಇದ್ದರಂತೂ ಒಲೆಯೇ ಬೇಡ, ಮಜ್ಜಿಗೆಯಲ್ಲೋ ನೀರಿನಲ್ಲೋ ಕಲಸಿದರೆ ಆಯಿತು. ಬೆಲ್ಲ ಹಾಕುವವರು ಹಿತವಾಗಿ ಹಾಕಿರಿ, ಬೆಲ್ಲವೂ ಸಕ್ಕರೆಯ ಅಣ್ಣನೇ. ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಬಿಳಿ ಅಕ್ಕಿಯಲ್ಲಿ ಸುಮಾರು 10. ಬೆನ್ನ ಮೇಲೆ ಹೊರೆ ಹೊರುವವರ ಮೂಳೆಗೆ ಯಾವುದು ಬೇಕೆಂದು ಯೋಚಿಸಿರಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ಎಚ್ಚರಿಕೆ ಮಾತ್ರ: ಇದ್ದಕ್ಕಿದ್ದಂತೆ ಬೆವರು, ನಡುಕ, ತಲೆ ಕವಿದಂತಾದರೆ ಆಗ ಕಾಳಿಗಾಗಿ ಕಾಯಬೇಡಿರಿ, ಆ ಗಳಿಗೆಯಲ್ಲಿ ಸಕ್ಕರೆಯೇ ಔಷಧ. ಆಮೇಲೆ ಕಾಳು.

"ರಾಗಿ ತಂದರೆ ನಗುತ್ತಾರೆ" ಎಂಬ ಮಾತನ್ನು ಎಷ್ಟೋ ಹೆಣ್ಣುಮಕ್ಕಳಿಂದ ಕೇಳಿದ್ದೇವೆ. ಪೊಟ್ಟಣ ಒಡೆದು ತಿನ್ನುವವಳು ನಾಗರಿಕಳು, ಡಬ್ಬಿಯಿಂದ ಗುಗ್ಗರಿ ತಿನ್ನುವವಳು ಹಳ್ಳಿ ಗಮಾರಿ! ಈ ನಾಚಿಕೆ ನಮ್ಮ ತಲೆಯಲ್ಲಿ ಹುಟ್ಟಿದ್ದಲ್ಲ, ಜಾಹೀರಾತು ಬಿತ್ತಿದ ಬೆಳೆ. ವಿಚಿತ್ರ ನೋಡಿರಿ: ನಾವು ನಾಚಿ ಬಿಟ್ಟ ರಾಗಿಗೆ 2023ರಲ್ಲಿ ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಮರ್ಯಾದೆ ಮಾಡಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ತಮಿಳುನಾಡು ಸರಕಾರ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ರೇಷನ್ ಅಂಗಡಿಗಳಲ್ಲಿ ಅಕ್ಕಿಯ ಪಾಲಿನಲ್ಲಿ ಎರಡು ಕಿಲೊ ರಾಗಿ ಕೊಡುವ ಏರ್ಪಾಡು ಆರಂಭಿಸಿತು. ಪಟ್ಟಣದ ಅಂಗಡಿಯಲ್ಲಿ ಅದೇ ರಾಗಿಯ ಬಿಸ್ಕತ್ತನ್ನು ದುಪ್ಪಟ್ಟು ಬೆಲೆಗೆ ಮಾರುತ್ತಿದ್ದಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾವೂ ಆ ಗೋಡೆ ಕಾಗದದ ಸಾಲಿಗೇ ಸೇರಿದಂತೆ. ಡಬ್ಬಿಯಲ್ಲಿ ಗುಗ್ಗರಿ ಇದ್ದರೂ ತಿನ್ನುವುದು ಯಾವಾಗ, ಎಲ್ಲಿ, ಯಾವ ಕೈಯಲ್ಲಿ? ಔಷಧ ಹೊಡೆದ ಸೊಪ್ಪು ಕಿತ್ತ ಕೈಯಲ್ಲಿ ಕಾಳು ತಿಂದರೆ ಕಾಳಿನ ಜೊತೆ ಔಷಧವೂ ಹೊಟ್ಟೆಗೆ ಹೋಗುತ್ತದೆ. ಕೈತೊಳೆಯಲು ನೀರೂ ಸಾಬೂನೂ ಕೆಲಸದ ಜಾಗಕ್ಕೆ ಬರಬೇಕು. ಬರುವ ತನಕ ಡಬ್ಬಿಯಲ್ಲಿ ಒಂದು ಚಮಚ ಇಟ್ಟುಕೊಳ್ಳಿರಿ. ಇನ್ನೊಂದು, ಗಂಡಸರು ಮಾತಾಡಲು ಹಿಂಜರಿಯುವ ವಿಷಯ: ಗುಡ್ಡದ ಮೇಲೆ ಶೌಚಕ್ಕೆ ಮರೆಯಿಲ್ಲವೆಂದು ನಮ್ಮ ಹೆಂಗಸರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಮೂರು ಗಂಟೆಯ ತಲೆಸುತ್ತಿನಲ್ಲಿ ಅರ್ಧ ಹಸಿವು, ಅರ್ಧ ಬಾಯಾರಿಕೆ. ಅದಕ್ಕೆ ಹುರುಳಿ ಏನು ಮಾಡೀತು? ಶೌಚಾಲಯ ಬೇಕು.

1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಏನಿತ್ತೆಂದು ಹಳಬರಿಗೆ ಗೊತ್ತು. ಐದು ಗಂಟೆಗಿಂತ ಹೆಚ್ಚು ಹೊತ್ತು ಎಡೆಬಿಡದೆ ಯಾರನ್ನೂ ದುಡಿಸುವಂತಿರಲಿಲ್ಲ, ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕಿತ್ತು. 150 ಅಥವಾ ಹೆಚ್ಚು ಕಾರ್ಮಿಕರಿರುವ ತೋಟದಲ್ಲಿ ಕ್ಯಾಂಟೀನು ನಡೆಸಬೇಕೆಂದು ನಿಯಮ ಮಾಡುವ ಅಧಿಕಾರ ಸರಕಾರಕ್ಕಿತ್ತು. ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕಾಯ್ದೆ ಇತ್ತು. ಬಿಸಿ ಗಂಜಿ ಕೊಡುವ ಕ್ಯಾಂಟೀನನ್ನು ನಿಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೀರಿ? 2025ರ ನವೆಂಬರ್ 21ರಂದು ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿತು. ಅದರಲ್ಲಿ ಕ್ಯಾಂಟೀನಿನ ಲೆಕ್ಕ 100 ಕಾರ್ಮಿಕರಿಗೆ ಇಳಿದಿದೆ, ಗುತ್ತಿಗೆಯವರೂ ಆ ಎಣಿಕೆಯಲ್ಲಿ ಸೇರುತ್ತಾರೆ. ಹೊಸ ಸಂಹಿತೆಯ ಮೇಲೆ ಸಂಘಗಳಿಗೆ ಇರುವ ದೂರುಗಳು ಬೇರೆ, ಅವುಗಳಲ್ಲಿ ಹಲವು ನ್ಯಾಯವಾದವು. ಆದರೆ ಈ ಒಂದು ಸಾಲು ನಮ್ಮ ಕೈಗೆ ಸಿಕ್ಕಿದೆ. ಗುತ್ತಿಗೆಯ ಹೆಸರಿನಲ್ಲಿ ಹೊರಗಿಟ್ಟ ನಮ್ಮ ಹೆಣ್ಣುಮಕ್ಕಳನ್ನೂ, ದೂರದಿಂದ ಬಂದು ನಮ್ಮ ಪಕ್ಕದ ಸಾಲಿನಲ್ಲೇ ಸೊಪ್ಪು ಕೀಳುವವರನ್ನೂ ಎಣಿಸಿ ನೋಡಿರಿ, ನೂರು ದಾಟುತ್ತದೋ ಇಲ್ಲವೋ.

ಕಣ ತುಳಿಯುವ ಎತ್ತಿನ ಬಾಯಿಗೂ ಕುಕ್ಕೆ ಕಟ್ಟಬಾರದೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತ್ತು. ಎತ್ತಿಗೆ ಸಿಕ್ಕ ನ್ಯಾಯವನ್ನು ತೂಕದ ಕೊಟ್ಟಿಗೆಯ ಮುಂದೆ ಸಾಲು ನಿಂತ ತಾಯಂದಿರಿಗೆ ಕೇಳುವುದರಲ್ಲಿ ದುರಾಸೆ ಏನಿದೆ? ಸಂಘದ ಮುಂದಿನ ಬೇಡಿಕೆ ಪತ್ರದಲ್ಲಿ ಕೂಲಿಯ ಸಾಲಿನ ಕೆಳಗೇ ಇವೂ ಇರಲಿ: ಮಧ್ಯಾಹ್ನ ಹದಿನೈದು ನಿಮಿಷದ ಬಿಡುವು, ಕೆಲಸದ ಜಾಗದಲ್ಲಿ ನೀರು, ಶೌಚಾಲಯ, ಕ್ಯಾಂಟೀನಿನಿಂದ ಬಿಸಿ ಗುಗ್ಗರಿ ಅಥವಾ ರಾಗಿ ಗಂಜಿ. "ಹೆಂಗಸರ ಮಾತು" ಎಂದು ಅದನ್ನು ಅಳಿಸುವ ಸಹೋದರರು ಒಂದು ದಿನ ಬುಟ್ಟಿ ಹೊತ್ತು ಮೂರು ಗಂಟೆಗೆ ಇಳಿಜಾರಿನಲ್ಲಿ ನಿಂತು ಅಳಿಸಲಿ.

ಕೊನೆಗೆ ನಮ್ಮ ಅನ್ಯೋನ್ಯ ಕೂಟದ ತಪ್ಪು. ಪ್ರತಿ ತಿಂಗಳು ಸ್ತ್ರೀಯರ ಕೂಟ ಮುಗಿದ ಮೇಲೆ ನಾವು ಹಂಚುವುದು ಸಿಹಿ ಟೀ, ಎರಡು ಕ್ರೀಮ್ ಬಿಸ್ಕತ್ತು. ಹೊಟ್ಟೆಯ ಮಾತು ಬರೆದ ಕೈಯೇ ಆ ತಟ್ಟೆ ಹಿಡಿದಿದೆ. ಮುಂದಿನ ಕೂಟಕ್ಕೆ ಬಿಸ್ಕತ್ತಿನ ದುಡ್ಡಿನಲ್ಲಿ ಹುರುಳಿ ತರಿಸಿದ್ದೇವೆ. ಶನಿವಾರ ರಾತ್ರಿ ನೆನೆಹಾಕಲು ದೊಡ್ಡ ಪಾತ್ರೆ ಬೇಕಾಗಿದೆ. ಇರುವವರು ದೇವಾಲಯದ ಪಕ್ಕದ ಮನೆಗೆ ಶುಕ್ರವಾರದೊಳಗೆ ತಂದುಕೊಡಿರಿ, ಮತ್ತು ಬರುವವರು ತಮ್ಮ ತಮ್ಮ ಡಬ್ಬಿ, ಚಮಚ ತನ್ನಿರಿ.