ಕುತ್ತಿಗೆಯ ಗಂಟನ್ನು ಶಾಲಿನಡಿ ಮುಚ್ಚಬೇಡಿ

ಪಾಣೆಮಂಗಳೂರು, ಮೆಲ್ಕಾರ್, ನರಿಕೊಂಬು, ಸಜಿಪದ ತಾಯಂದಿರೇ, ಅಪ್ಪಂದಿರೇ, ಇವತ್ತೇ ನಿಮ್ಮ ಮಕ್ಕಳ ಕುತ್ತಿಗೆಯನ್ನೊಮ್ಮೆ ಮುಟ್ಟಿ ನೋಡಿ. ಕಿವಿಯ ಕೆಳಗೋ ದವಡೆಯ ಹಿಂದೋ ನೋವಿಲ್ಲದ ಗಂಟೊಂದು ಎರಡು ವಾರ ಕಳೆದರೂ ಕರಗದಿದ್ದರೆ, ಕೆಪ್ಪಟೆಯೆಂದು ಸುಮ್ಮನಿರಬೇಡಿ. ಅದು ಕ್ಷಯವಿರಬಹುದು.

ಕ್ಷಯವೆಂದರೆ ಕೆಮ್ಮು, ಕಫ, ರಕ್ತ ಎಂದಷ್ಟೇ ನಂಬಿ ಕೂತಿದ್ದೇವೆ. ಆದರೆ ಅದು ಶ್ವಾಸಕೋಶದ ಹೊರಗೂ ಬೇರೂರುತ್ತದೆ, ಹಾಗೆ ಬಂದಾಗ ಕುತ್ತಿಗೆಯ ಗ್ರಂಥಿಗಳನ್ನು ಹಿಡಿಯುವುದೇ ಹೆಚ್ಚು. ಹಿರಿಯರ ಗಂಡಮಾಲೆ ಇದೇ. ಅಪರೂಪಕ್ಕೆ ಯಾವ ಮದ್ದಿಗೂ ಜಗ್ಗದೆ ಸೋರುವ ಕಿವಿಯಾಗಿ, ಮಾಯದ ನಾಲಗೆ ಹುಣ್ಣಾಗಿ, ವಾರಗಟ್ಟಲೆ ಒಡೆದೇ ಇರುವ ದನಿಯಾಗಿ, ಕತ್ತಿನ ಮೂಳೆಯನ್ನು ತಿಂದು ಗಂಟಲ ಹಿಂದೆ ತುಂಬುವ ಕೀವಾಗಿಯೂ ಬರುತ್ತದೆ. ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣದೆ ಹೋಗಬಹುದು. ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳುವುದು ತಪ್ಪು.

ನನಗೆ ಸಹಿಸಲಾಗದ್ದು ಮುಚ್ಚಿಡುವ ಅಭ್ಯಾಸ. ಪಿಯುಸಿ ಓದುವ ಹುಡುಗಿಯ ಕುತ್ತಿಗೆಗೆ ಶಾಲು ಸುತ್ತಿ, 'ಯಾರಿಗೂ ಹೇಳಬೇಡ, ನಾಳೆ ಮದುವೆಗೆ ತೊಂದರೆ' ಎಂದು ಕಳಿಸುತ್ತೇವಲ್ಲ, ಗಂಟು ಒಡೆದು ಕೀವು ಸೋರಿದ ಮೇಲೆ ಉಳಿಯುವ ಕಲೆಯನ್ನು ಯಾವ ಶಾಲು ಮುಚ್ಚೀತು? ಶ್ವಾಸಕೋಶದ, ಧ್ವನಿಪೆಟ್ಟಿಗೆಯ ಕ್ಷಯ ಹರಡುತ್ತದೆ, ನಿಜ. ಬರೀ ಗ್ರಂಥಿಯ ಕ್ಷಯ ಉಸಿರಿನಿಂದ ಹರಡುವುದಿಲ್ಲ. ಆ ಮಗುವಿಗೆ ಬೇರೆ ತಟ್ಟೆ, ಬೇರೆ ಚಾಪೆ ಯಾಕೆ?

ವೈದ್ಯರೇ, ನಿಮಗೂ ಒಂದು ಮಾತು. ಒಂದರ ಮೇಲೊಂದು ಆಂಟಿಬಯೋಟಿಕ್ ಬದಲಿಸುತ್ತಾ ತಿಂಗಳು ಕಳೆಯಬೇಡಿ. ಗಂಟಿಗೆ ಸೂಜಿ ಹಾಕಿ ಮಾದರಿ ತೆಗೆಸಿ, ಸಿಬಿನಾಟ್ ಪರೀಕ್ಷೆಗೆ ಕಳಿಸಿ. ಕ್ಷಯ ಕಂಡರೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ 2012ರಿಂದ ಖಾಸಗಿಯವರಿಗೂ ಇದೆ.

ಮದ್ದು ಸಾಮಾನ್ಯವಾಗಿ 6 ತಿಂಗಳು, ಪೂರ್ತಿ ಉಚಿತ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಮಾತ್ರೆಯಿಂದ, ಹೆದರಬೇಡಿ. ಮದ್ದಿನ ನಡುವೆಯೇ ಗಂಟು ಕೆಲವೊಮ್ಮೆ ದೊಡ್ಡದಾಗುತ್ತದೆ. ಎಷ್ಟೋ ಮನೆಗಳು ಕೈಬಿಡುವುದು ಅಲ್ಲೇ. ಆಗ ವೈದ್ಯರಿಗೆ ತೋರಿಸಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಬೀಡಿ ಕಟ್ಟಿ ಬ್ರಾಂಚಿಗೆ ಕೊಡುವ ತಾಯಿಗೆ ಒಂದು ದಿನದ ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗುವುದು ಸುಲಭವಲ್ಲ ಎಂಬುದು ಗೊತ್ತು. ರೋಗಿಯ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ. ಅದು ನಿಮ್ಮ ಮಗುವಿನ ಹಕ್ಕು, ಕೇಳಿ ಪಡೆಯಿರಿ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಇಲ್ಲವೇ 1800-11-6666ಕ್ಕೆ ಕರೆ ಮಾಡಿ. ಗಂಟಿಗೆ ಎರಡು ವಾರ ದಾಟಿದ್ದರೆ ಈ ವಾರವೇ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.