ಮೂಲೆ, ಅಂಚು, ಮುಖ: ಲೆಕ್ಕ ತಾಳೆಯಾಯಿತೇ?

ಮಕ್ಕಳೇ, ನಮ್ಮ ರಾಜಾಜಿನಗರದಿಂದ ತುಮಕೂರು ರಸ್ತೆ ಹಿಡಿದು ಹೋದರೆ ಪೀಣ್ಯ ಕೈಗಾರಿಕಾ ಪ್ರದೇಶ ಸಿಗುತ್ತದೆ. ಅಲ್ಲಿನ ಶೆಡ್ಡುಗಳಲ್ಲಿ ಯಂತ್ರಗಳ ಬಿಡಿಭಾಗಗಳು ತಯಾರಾಗುತ್ತವೆ. ಲೋಹ ಕೊರೆಯುವ ಮೊದಲು ಆ ಭಾಗವನ್ನು ಕಂಪ್ಯೂಟರಿನಲ್ಲಿ ಉದ್ದ, ಅಗಲ, ಎತ್ತರ ಸಮೇತ ರೂಪಿಸಿಕೊಳ್ಳುತ್ತಾರೆ. ಪರದೆಯ ಮೇಲೆ ಅದನ್ನು ತಿರುಗಿಸಬಹುದು, ಮೂಲೆ ಕತ್ತರಿಸಬಹುದು, ತೂತು ಕೊರೆಯಬಹುದು.

ಕಂಪ್ಯೂಟರಿಗೆ ಕಣ್ಣೆಲ್ಲಿದೆ? ಚಿತ್ರವೆಲ್ಲ ನಮಗೆ. ಅದರ ಬಳಿ ಇರುವುದು ಒಂದು ಲೆಡ್ಜರು. ಯಾವ ಮೂಲೆ ಎಲ್ಲಿದೆ, ಯಾವ ಅಂಚು ಯಾವ ಮೂಲೆಗಳನ್ನು ಸೇರಿಸುತ್ತದೆ, ಯಾವ ಮುಖಕ್ಕೆ ಯಾವ ಅಂಚುಗಳು ಬೇಲಿ, ಎಲ್ಲವೂ ಅದರಲ್ಲಿ ದಾಖಲು. ಈ ಲೆಕ್ಕ ಬರೆಯುವ ಗುಮಾಸ್ತನೇ ಜಿಯೊಮೆಟ್ರಿ ಎಂಜಿನ್. ನಾನೂ ಬ್ಯಾಂಕಿನ ಗುಮಾಸ್ತನಾಗಿದ್ದವನು, ಹಾಗಾಗಿ ಇವನ ಮೇಲೆ ತುಸು ಅಭಿಮಾನ!

ಸಂಜೆ ಕ್ಯಾಶ್ ತಾಳೆಯಾಗದೆ ನಾವು ಮನೆಗೆ ಹೊರಡುವಂತಿರಲಿಲ್ಲ. ಇವನಿಗೂ ಒಂದು ತಾಳೆ ಉಂಟು. 18ನೇ ಶತಮಾನದ ಗಣಿತಜ್ಞ ಆಯ್ಲರ್ ಹೇಳಿಕೊಟ್ಟದ್ದು. ಮೂಲೆಗಳಿಗೆ ಮುಖಗಳನ್ನು ಕೂಡಿಸಿ, ಅಂಚುಗಳನ್ನು ಕಳೆಯಿರಿ, 2 ಬರಬೇಕು. ಮೈಸೂರು ಪಾಕಿನ ತುಂಡು ತೆಗೆದುಕೊಳ್ಳಿ: 8+6−12=2. ಒಂದು ಮೂಲೆಯನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸಿ. ಒಂದು ಮೂಲೆ ಹೋಗಿ ಮೂರು ಬಂದವು. ಈಗ 10+7−15, ಮತ್ತೆ 2! ಆರಪಾರ ತೂತು ಕೊರೆದರೆ ಮಾತ್ರ ಲೆಡ್ಜರಿಗೆ ಇನ್ನೆರಡು ಕಾಲಂ ಬೇಕು.

ಕಷ್ಟ ಇರುವುದು ಪೈಸೆಯಲ್ಲಿ. ಒಂದು ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಿದರೆ ಒಂದು ಪೈಸೆ ಮಿಗುತ್ತದಲ್ಲ? ಕಂಪ್ಯೂಟರಿನ ದಶಾಂಶಗಳಲ್ಲೂ ಹೀಗೆಯೇ ಚೂರು ಮಿಗುತ್ತದೆ. ಕೂಡಬೇಕಾದ ಎರಡು ಅಂಚುಗಳು ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತಪ್ಪಿಹೋಗುತ್ತವೆ. ಅದಕ್ಕೇ ಪ್ರತಿ ಎಂಜಿನ್ನಿಗೂ ಒಂದು ರಿಯಾಯಿತಿ ಇದೆ. ‘ಓಪನ್ ಕ್ಯಾಸ್ಕೇಡ್’ ಎಂಬ ಎಂಜಿನ್ ಸಾಮಾನ್ಯವಾಗಿ ಒಪ್ಪುವ ವ್ಯತ್ಯಾಸ, ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ಒಂದು ಎಂಜಿನ್ನಿನಲ್ಲಿ ಮಾಡಿದ ನಕ್ಷೆಯನ್ನು ಬೇರೆ ರಿಯಾಯಿತಿಯ ಇನ್ನೊಂದರಲ್ಲಿ ತೆರೆದರೆ ಕೆಲವೊಮ್ಮೆ ಸಂದು ಬಿಡುತ್ತದೆ. ಸಂದು ಬಿಟ್ಟ ಆಕಾರಕ್ಕೆ ಒಳಗು ಯಾವುದು, ಹೊರಗು ಯಾವುದು? ಅದು ತಿಳಿಯದೆ ಲೋಹ ಕೊರೆಯಲಾಗದು. ಸಣ್ಣ ಶೆಡ್ಡಿನವರಿಗೆ ಅಂದಿನ ದುಡಿಮೆಗೇ ಪೆಟ್ಟು.

ಈ ವಿದ್ಯೆ ಬೆಳೆದದ್ದು 1970ರ ದಶಕದಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ. ಅಲನ್ ಗ್ರೇಯರ್, ಚಾರ್ಲ್ಸ್ ಲ್ಯಾಂಗ್, ಇಯಾನ್ ಬ್ರೇಡ್ ಅದರ ಹಿರಿಯರು. ಅವರ ಹೆಸರಿನ ಮೊದಲಕ್ಷರಗಳಿಂದಲೇ ‘ಏಸಿಸ್’ ಎಂಬ ಎಂಜಿನ್ನಿಗೆ ಹೆಸರು ಬಂತು. ಇನ್ನೊಂದು ಪ್ರಸಿದ್ಧ ಎಂಜಿನ್ ‘ಪ್ಯಾರಾಸಾಲಿಡ್’, ಈಗ ಸೀಮೆನ್ಸ್ ಕಂಪನಿಯದು. ಎಂಜಿನಿಯರುಗಳು ಬಳಸುವ ‘ಸಾಲಿಡ್‌ವರ್ಕ್ಸ್’ ಒಳಗೆ ಕೂತು ಲೆಕ್ಕ ಬರೆಯುವುದು ಇದೇ.

ಓಪನ್ ಕ್ಯಾಸ್ಕೇಡ್ 1999ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದರ ಮೇಲೆ ನಿಂತಿರುವ ‘ಫ್ರೀಕ್ಯಾಡ್’ಗೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ನೀವೂ ಹಾಕಿಕೊಳ್ಳಬಹುದು.

ಅಜ್ಜ ಅಜ್ಜಿಯರೇ, ಈ ಭಾನುವಾರ ಮೊಮ್ಮಕ್ಕಳ ಜೊತೆ ಒಂದು ಸೋಪಿನ ಎಂಟೂ ಮೂಲೆ ಕತ್ತರಿಸಿ ಎಣಿಸಿ. ಕತ್ತರಿಸಿದ ಭಾಗಗಳು ಒಂದಕ್ಕೊಂದು ತಾಗದಿರಲಿ. ಅಂಚುಗಳು 36 ಬರಬೇಕು. ಮೂಲೆ ಎಷ್ಟು, ಮುಖ ಎಷ್ಟು? ತಾಳೆಯಾಗುವವರೆಗೆ ಯಾರೂ ಏಳುವಂತಿಲ್ಲ!