ಭಯಾನಕ ಕಾದಂಬರಿ ಮತ್ತು ಕಿತ್ತುಹೋದ ಮುಖಪುಟ

ಭಯಾನಕ ರಸವನ್ನು ಕುರಿತು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಭಯಾನಕ ಕಾದಂಬರಿಯನ್ನು ಮಾತ್ರ ವಿಭಾಗದ ಹೊಸ್ತಿಲು ದಾಟಗೊಡುವುದಿಲ್ಲ. ಜನ್ನನು 1209ರಲ್ಲಿ ಪೂರೈಸಿದ ‘ಯಶೋಧರ ಚರಿತೆ’ಯ ಚಂಡಮಾರಿಯ ಗುಡಿಯನ್ನೂ ರನ್ನನ ‘ಗದಾಯುದ್ಧ’ದ ರಣರಂಗದ ಮರುಳುಗಳನ್ನೂ ಕಾವ್ಯವೆಂದು ಒಪ್ಪಿದ ನಮಗೆ, ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ದ ಹೆಸರೆತ್ತಿದೊಡನೆ ಮುಜುಗರವಾಗುತ್ತದೆ. ತೆಲುಗಿನಿಂದ ಬಂದದ್ದು, ವಾರಪತ್ರಿಕೆಯ ಸರಕು, ಮೂಢನಂಬಿಕೆಯನ್ನು ಬೆಳೆಸುವಂಥದು ಎಂಬ ಮೂರು ಆಕ್ಷೇಪಗಳು ಸಿದ್ಧವಾಗಿಯೇ ಇರುತ್ತವೆ. ಬಿ. ವೆಂಕಟಾಚಾರ್ಯರ ಬಂಗಾಳಿ ಅನುವಾದಗಳನ್ನು ಸಾಹಿತ್ಯ ಚರಿತ್ರೆಯಲ್ಲಿ ಗೌರವದಿಂದ ಸ್ಮರಿಸುವವರು ಮೊದಲನೆಯದನ್ನು ಎತ್ತಲಾಗದು. ಎರಡನೆಯದಕ್ಕೆ ಉತ್ತರವೇ ಬೇಕಿಲ್ಲ.

ಮೂರನೆಯದು ವಿಚಾರಾರ್ಹ. ‘ತುಳಸಿದಳ’ದಲ್ಲಿ ಮಗುವಿನ ಕಾಯಿಲೆಗೆ ಎರಡು ವಿವರಣೆಗಳು ಸಮಾನಾಂತರವಾಗಿ ಸಾಗುತ್ತವೆ. ಒಂದು ಕಡೆ ಕ್ಷುದ್ರಶಕ್ತಿಯ ಪ್ರಯೋಗ ಮಾಡಿದ ಮಾಂತ್ರಿಕನ ಬೆನ್ನುಹತ್ತಿದವರು. ಇನ್ನೊಂದು ಕಡೆ ವೈದ್ಯರು ಮತ್ತು ಸಂಮೋಹನ ತಜ್ಞರು. ಮಗು ಉಳಿದದ್ದು ಯಾರಿಂದ ಎಂಬುದನ್ನು ಕಾದಂಬರಿ ತೀರ್ಮಾನಿಸುವುದಿಲ್ಲ. ಓದುಗನ ಭಯ ನಿಂತಿರುವುದು ಈ ಅನಿಶ್ಚಯದ ಮೇಲೆಯೇ. ಆದರೆ ಇಂಥ ಕೃತಿಯ ಮುಖಪುಟದಲ್ಲಿ ತಲೆಬುರುಡೆಯನ್ನೋ ಮಾಂತ್ರಿಕನ ಕೆಂಗಣ್ಣನ್ನೋ ಬರೆದರೆ, ಲೇಖಕ ತೆರೆದಿಟ್ಟ ಪ್ರಶ್ನೆಯನ್ನು ಚಿತ್ರಕಾರ ಮುಚ್ಚಿಬಿಟ್ಟಂತೆ. ಅರ್ಥಾತ್, ಈ ಪ್ರಕಾರದಲ್ಲಿ ಚಿತ್ರವು ಅಲಂಕಾರವಲ್ಲ, ವ್ಯಾಖ್ಯಾನ.

ಹಿಂದಿನವರಿಗೆ ಇದು ತಿಳಿದಿತ್ತು. ಯಶೋಧರನ ಕಥೆಯನ್ನು ಉತ್ತರದ ದಿಗಂಬರ ಜೈನರು 15-16ನೆಯ ಶತಮಾನಗಳಲ್ಲಿ ಸಚಿತ್ರ ಹಸ್ತಪ್ರತಿಗಳಾಗಿ ಬರೆಯಿಸಿದರು. ಅದೇ ಕಥೆಯ ಕನ್ನಡ ಕಾವ್ಯ ನಮ್ಮ ವಿದ್ಯಾರ್ಥಿಯ ಕೈಗೆ ಬರುವುದು ಬೋಳು ಪಠ್ಯಪುಸ್ತಕವಾಗಿ. ಎಡ್ಗರ್ ಅಲನ್ ಪೋನ ಕಥೆಗಳಿಗೆ ಹ್ಯಾರಿ ಕ್ಲಾರ್ಕ್ ಚಿತ್ರ ಬರೆದ 1919ರ ಆವೃತ್ತಿಯನ್ನು ಸಂಗ್ರಾಹಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ನಮ್ಮಲ್ಲಿ ಅದಕ್ಕೆ ಸಮನಾದುದು ‘ಚಂದಮಾಮ’ದ ಬೇತಾಳ ಕಥೆಗಳಿಗೆ ಶಂಕರ್ ಎಂದೇ ಪ್ರಸಿದ್ಧರಾದ ಕೆ.ಸಿ. ಶಿವಶಂಕರನ್ (1924-2020) ಬರೆದ ಚಿತ್ರ: ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಕಥೆಗಳು ಮರೆತರೂ ಆ ಚಿತ್ರ ಮರೆಯದವರು ಈ ಪತ್ರಿಕೆಯ ಓದುಗರಲ್ಲಿಯೂ ಬಹಳ ಮಂದಿ ಇದ್ದಾರು.

ಧಾರಾವಾಹಿಯಾಗಿ ಬಂದ ಕಾದಂಬರಿಗಳ ಸ್ಥಿತಿ ಇನ್ನೂ ಶೋಚನೀಯ. ವಾರವಾರ ಪ್ರಕಟವಾದ ರೇಖಾಚಿತ್ರಗಳು ಪುಸ್ತಕರೂಪಕ್ಕೆ ಬರುವಾಗ ಸಾಮಾನ್ಯವಾಗಿ ಉದುರಿಹೋಗುತ್ತವೆ. ಉಳಿದ ಮುಖಪುಟವನ್ನು ಗ್ರಂಥಾಲಯದ ಬೈಂಡು ಕೀಳುತ್ತದೆ. ನವಲಗುಂದ ತಾಲೂಕಿನ ನಮ್ಮ ಮೊರಬದಲ್ಲಿ ಇಂಥ ಪುಸ್ತಕಗಳು ಮನೆಯಿಂದ ಮನೆಗೆ ತಿರುಗಿ, ಮೊದಲ ಹಾಳೆಗಳನ್ನು ಕಳೆದುಕೊಂಡು, ಖಾಕಿ ರಟ್ಟಿನ ಮೇಲೆ ಯಾರೋ ಪೆನ್ನಿನಿಂದ ಬರೆದ ಹೆಸರಿನಿಂದಲೇ ಗುರುತಾಗುತ್ತಿದ್ದವು. ಓದುವ ಸುಖಕ್ಕೆ ಕೊರತೆಯಿರಲಿಲ್ಲ; ಪ್ರಕಾಶಕರಾರು, ಎಷ್ಟನೆಯ ಮುದ್ರಣ, ಚಿತ್ರ ಯಾರದು ಎಂಬುದಷ್ಟೇ ತಿಳಿಯುತ್ತಿರಲಿಲ್ಲ. (ದೆವ್ವದ ಪುಸ್ತಕಕ್ಕೆ ಮುಖವಿಲ್ಲದಿರುವುದು ಒಂದು ರೀತಿಯಲ್ಲಿ ಉಚಿತವೇ ಎನ್ನಬಹುದು.)

ಚರ್ಮದ ಹೊದಿಕೆಯ ದುಬಾರಿ ಆವೃತ್ತಿಗಳು ಕನ್ನಡಕ್ಕೆ ಬರಲಿ ಎಂದು ನಾನು ವಾದಿಸುತ್ತಿಲ್ಲ. ಅವು ಕಪಾಟು ಸೇರುತ್ತವೆ, ಓದುಗನನ್ನಲ್ಲ. ಡಿ.ಎಲ್. ನರಸಿಂಹಾಚಾರ್ಯ, ಎಂ.ಎಂ. ಕಲಬುರ್ಗಿಯವರಂಥ ವಿದ್ವಾಂಸರು ರೂಪಿಸಿದ ಗ್ರಂಥಸಂಪಾದನೆಯ ಶಿಸ್ತು ತಾಳೆಗರಿಯ ಒಂದು ಅಕ್ಷರ ಲೋಪವನ್ನೂ ಸಹಿಸದು. ಆ ಶಿಸ್ತನ್ನು ಜನಪ್ರಿಯ ಕಾದಂಬರಿಯ ಚಿತ್ರಕ್ಕೂ ವಿಸ್ತರಿಸಬೇಕೆಂಬುದೇ ನನ್ನ ನಿಲುವು. ವಿಭಾಗದ ಗ್ರಂಥಾಲಯಗಳು ಹಳೆಯ ವಾರಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ಧಾರಾವಾಹಿಯ ಪುಟಗಳನ್ನು ಚಿತ್ರಸಹಿತ ಸ್ಕ್ಯಾನ್ ಮಾಡಿಡಲಿ. ಬೈಂಡಿಗೆ ಕಳಿಸುವ ಮುನ್ನ ಮುಖಪುಟವನ್ನು ಬಿಡಿಸಿ, ಚಿತ್ರಕಾರನ ಹೆಸರನ್ನು ಸೂಚಿಯಲ್ಲಿ ದಾಖಲಿಸಲಿ.